ಮೋಡವನ್ನು ಕಂಡು ಹಿಂದಿರುಗುವದು

ಕಣ್ಣಿನ ನೋಟವನ್ನೇ ನಂಬಿ ಸಣ್ಣ ವಿಮಾನವನ್ನು ನಡಿಸುವವನು ದಾರಿಯಲ್ಲಿ ಹವೆ ಕೆಟ್ಟರೆ ಏನು ಮಾಡತಕ್ಕದ್ದು? ಈ ಪಾಠದಲ್ಲಿ ನಾವು ಅದನ್ನು ವಿಚಾರಿಸೋಣ.

1932ನೆಯ ಇಸವಿ ಅಕ್ಟೋಬರ್ 15ರಂದು ಜೆ. ಆರ್. ಡಿ. ಟಾಟಾ ಎಂಬವರು ಕರಾಚಿಯಿಂದ ಮುಂಬಯಿಗೆ ವಿಮಾನದಲ್ಲಿ ಟಪಾಲನ್ನು ತಂದರು. ಅಲ್ಲಿಂದ ನೆವಿಲ್ ವಿನ್ಸೆಂಟ್ ಎಂಬವರು ಅದನ್ನು ನಮ್ಮ ನೆರೆಯ ಬಳ್ಳಾರಿಯ ಮಾರ್ಗವಾಗಿ ಮದರಾಸಿಗೆ ಒಯ್ದರು. ಆ ಪುಸ್ ಮಾತ್ ವಿಮಾನದಲ್ಲಿ ರೇಡಿಯೋ ಇರಲಿಲ್ಲ. ಕೆಳಗೆ ಕಾಣುವ ನೆಲವೇ ದಾರಿಯ ಗುರುತಾಗಿತ್ತು. ಮಳೆಗಾಲದಲ್ಲಿ ಮುಂಬಯಿಯ ಜುಹೂ ಬೈಲು ಕೆಸರಾಗುತ್ತಿದ್ದದರಿಂದ ಪುಣೆಯನ್ನು ಆಶ್ರಯಿಸಬೇಕಾಯಿತು.

ಈಗ ರೇಡಿಯೋ ಉಂಟು, ನಿಯಮಗಳೂ ಉಂಟು. ಕಣ್ಣಿನ ನೋಟದಿಂದ ಹಾರುವವನಿಗೆ 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 5 ಕಿಲೋಮೀಟರ್ ದೂರ ಕಾಣಬೇಕು. ಮೋಡವು ಪಕ್ಕಕ್ಕೆ 1,500 ಮೀಟರ್, ಮೇಲಕ್ಕೂ ಕೆಳಕ್ಕೂ 300 ಮೀಟರ್ ದೂರವಿರಬೇಕು.

ಇಷ್ಟು ಎಚ್ಚರಿಕೆ ಯಾಕಂದರೆ, ದಿಗಂತವು ಮರೆಯಾದಾಗ ಕಿವಿಯೊಳಗಿನ ಸಮತೋಲದ ಅಂಗವು ನಮ್ಮನ್ನು ಮೋಸಗೊಳಿಸುವದು. ಮೆಲ್ಲನೆ ವಾಲಿ ತಿರುಗುವ ವಿಮಾನವು ನೆಟ್ಟಗೆ ಹೋಗುವಂತೆ ತೋರುವದು. 1954ರಲ್ಲಿ ಅಮೇರಿಕದ ಇಲಿನಾಯ್ ವಿಶ್ವವಿದ್ಯಾಲಯದವರು, ಉಪಕರಣಗಳನ್ನು ನೋಡಿ ಹಾರುವ ಅಭ್ಯಾಸವಿಲ್ಲದ 20 ಮಂದಿ ಚಾಲಕರಿಗೆ ಹೊರಗಿನ ನೋಟವನ್ನು ಮರೆಮಾಡಿ ಪರೀಕ್ಷಿಸಿದರು. ಅವರು ಸರಾಸರಿ 178 ಸೆಕೆಂಡುಗಳೊಳಗೆ ವಿಮಾನದ ಹಿಡಿತವನ್ನು ಕಳಕೊಂಡರು. ಬಳಿಕ ಮೆಲ್ಲನೆ ಹಿಂದಕ್ಕೆ ತಿರುಗುವ ಕ್ರಮವನ್ನು ಕಲಿಸಲಾಗಿ, ಬಹುಮಟ್ಟಿಗೆ ಎಲ್ಲರೂ ಅದನ್ನು ಸಾಧಿಸಿದರು.

ಆದಕಾರಣ ಮೂರು ಮಾತುಗಳನ್ನು ನೆನಪಿನಲ್ಲಿಡತಕ್ಕದ್ದು.

ಮೊದಲನೆಯದು: ಹೊರಡುವ ಮುಂಚೆ ಹವೆಯ ವರ್ತಮಾನವನ್ನು ವಿಚಾರಿಸಿ, ಯಾವ ಗುರುತು ಕಂಡರೆ ಹಿಂದಿರುಗಬೇಕೆಂದು ನಿಶ್ಚಯಿಸಬೇಕು.

ಎರಡನೆಯದು: ಮುಂದಿನ ಗುಡ್ಡ ಮಸುಕಾದರೆ, ಅಥವಾ ಮೋಡವು ಕೆಳಕ್ಕೆ ಒತ್ತುತ್ತಾ ಬಂದರೆ, ಇನ್ನೂ ಕೆಳಗೆ ನುಸುಳದೆ, ತಿಳಿಯಾದ ಆಕಾಶವಿದ್ದ ಕಡೆಗೆ ತಿರುಗಬೇಕು; ಇಲ್ಲವೆ ಹತ್ತಿರದ ವಿಮಾನ ನಿಲ್ದಾಣದಲ್ಲಿ ಇಳಿಯಬೇಕು.

ಮೂರನೆಯದು: ತಿಳಿಯದೆ ಮೋಡದೊಳಗೆ ಹೊಕ್ಕರೆ ಶರೀರದ ಅನಿಸಿಕೆಯನ್ನು ನಂಬದೆ ಉಪಕರಣಗಳನ್ನು ನಂಬಿ, ರೆಕ್ಕೆಗಳನ್ನು ಸಮ ಮಾಡಿ, ಮೆಲ್ಲನೆ ಹಿಂದಿರುಗಿ, ರೇಡಿಯೋದಲ್ಲಿ ಸಹಾಯ ಕೇಳಬೇಕು.

ಊರು ಇನ್ನೇನು ಬಂತೆಂಬ ಆತುರವೇ ಅನೇಕರನ್ನು ಕೆಡಿಸುವದು. ದೇವದುರ್ಗ, ಮಾನ್ವಿ ಕಡೆಯ ಎರೆಹೊಲಗಳಲ್ಲಿ ಬಂಡಿ ಹೊಡೆಯುವವರು ಇದನ್ನು ಬಲ್ಲರು. ಹಳ್ಳಕ್ಕೆ ಕೆಂಪುನೀರು ಬಂದದ್ದನ್ನು ಕಂಡವನು ಈಚೆ ದಡದಲ್ಲೇ ನಿಲ್ಲುವನು. ನಡುಹಳ್ಳದಲ್ಲಿ ಎತ್ತುಗಳನ್ನು ತಿರುಗಿಸಲಾಗದು. ಹಿಂದಿರುಗಿದವನಿಗೆ ಒಂದು ಸಂತೆ ತಪ್ಪೀತು. ಬಂಡಿಯಲ್ಲಿ ಕೂತವರು ಮನೆ ಸೇರುವರು.