ಯಂತ್ರ ಮಾತು ಕೇಳುತ್ತೆ, ಮರ ಕೇಳಲ್ಲ

ಅಬ್ಬಿಗೆರೆ,
ಭಾನುವಾರ

ಚಿ. ಪುಟ್ಟಿಗೆ ದೊಡ್ಡಪ್ಪನ ಆಶೀರ್ವಾದಗಳು.

  

ನಿನ್ನಪ್ಪ ಮೊನ್ನೆ ಮಾತಾಡಿದ. "ಡಿಪ್ಲೊಮಾ ಮುಗಿಸಿದೋಳು ಕಂಪನಿ ಸೇರೋದು ಬಿಟ್ಟು ಅಬ್ಬಿಗೆರೆ ಶೆಡ್ಡಿನಲ್ಲಿ ಸಿಎನ್‌ಸಿ ರೂಟರ್ ಹಾಕಿ ಕುರ್ಚಿ ಮೇಜು ಮಾಡ್ತೀನಿ ಅಂತಾಳೆ, ನೀನೇ ಸ್ವಲ್ಪ ಬುದ್ಧಿ ಹೇಳಣ್ಣ" ಅಂದ. ಹೇಳ್ತೀನಿ ಅಂತ ಒಪ್ಪಿಕೊಂಡೆ. ಆದರೆ ಅವನು ಅಂದುಕೊಂಡ ಬುದ್ಧಿಯಲ್ಲ. ನೀನು ಕಳಿಸಿದ ಕುರ್ಚಿಯ ಡ್ರಾಯಿಂಗ್ ನೋಡಿದೆ, ಚೆನ್ನಾಗಿದೆ, ಅದರಲ್ಲೊಂದು ಎಡವಟ್ಟೂ ಇದೆ. ಅದನ್ನೆಲ್ಲ ವಾಟ್ಸಾಪಿನಲ್ಲಿ ಒತ್ತೋಕೆ ನನ್ನ ಹೆಬ್ಬೆರಳಿಗೆ ತ್ರಾಣವಿಲ್ಲ, ಅದಕ್ಕೇ ಈ ಕಾಗದ.

ಜಾಗದ ಬಗ್ಗೆ ನನ್ನ ತಕರಾರಿಲ್ಲ. ಪಕ್ಕದ ಜಾಲಹಳ್ಳಿಯಲ್ಲಿ 1953ರಲ್ಲಿ ಎಚ್‌ಎಂಟಿ ಶುರುವಾಯಿತು, ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ಸಹಯೋಗದಲ್ಲಿ. ತುಮಕೂರು ರಸ್ತೆಗೆ 1962ರಲ್ಲಿ ಯಂತ್ರೋಪಕರಣ ಸಂಶೋಧನೆಯ ಸಿಎಂಟಿಐ ಬಂತು, ಆಮೇಲೆ ಪೀಣ್ಯ ಬೆಳೆಯಿತು. ಅದರ ಚೂರುಪಾರು ಎಲ್ಲ ನಮ್ಮ ಬೀದಿಗಳಲ್ಲಿ ಇವತ್ತಿಗೂ ಇದೆ. ಒಂದು ಮನೆ ಕೆಳಗೆ ಲೇತು, ಇನ್ನೊಂದರ ಕೆಳಗೆ ಡೈ ಕೆಲಸ, ಅದರಾಚೆ ಪೌಡರ್ ಕೋಟಿಂಗು. ನಿನ್ನ ಸ್ಪಿಂಡಲ್ ಬೇರಿಂಗ್ ಹೋದರೂ, ಅದರ ವೇಗ ನಿಯಂತ್ರಿಸೋ ವಿಎಫ್‌ಡಿ ಸುಟ್ಟರೂ ಚಪ್ಪಲಿ ಮೆಟ್ಟಿಕೊಂಡು ಹೋಗಿ ಯಾರನ್ನಾದರೂ ಕರೆತರಬಹುದು. ಈ ಅನುಕೂಲ ಎಲ್ಲಾ ಊರಿಗೂ ಇಲ್ಲ.

ತೊಡಕೂ ಅಲ್ಲೇ ಇರೋದು. ಈ ಸೀಮೆಯ ವಿದ್ಯೆಯೆಲ್ಲ ಲೋಹದ್ದು. ಅಂಕಿಗಳ ಆಜ್ಞೆಯಿಂದ ಓಡುವ ಯಂತ್ರ ಹುಟ್ಟಿದ್ದೂ ಲೋಹದ ಮನೆಯಲ್ಲೇ. 1952ರಲ್ಲಿ ಅಮೆರಿಕದ ಎಂಐಟಿಯಲ್ಲಿ ಮೊದಲು ಓಡಿಸಿ ತೋರಿಸಿದ್ದು ಒಂದು ಮಿಲ್ಲಿಂಗ್ ಮಷೀನು, ಅದರ ಹಿಂದೆ ಇದ್ದದ್ದು ವಿಮಾನದ ಬಿಡಿಭಾಗಗಳ ಅಗತ್ಯ. ನೀನು ಓದಿದ್ದು ಮೆಕ್ಯಾನಿಕಲ್. ನಾನು ನೌಕರಿಯಿಡೀ ಲೇತಿನ ಮುಂದೆ ನಿಂತವನು. ನಮ್ಮಿಬ್ಬರಿಗೂ ಒಂದು ಭ್ರಮೆ: ಅಳತೆ ಸರಿಯಾಗಿ ಕೊಟ್ಟರೆ ಕೆಲಸ ಸರಿಯಾಗುತ್ತೆ ಅಂತ. ಕಬ್ಬಿಣಕ್ಕೆ ಆ ಮಾತು ಸಲ್ಲುತ್ತೆ. ಮರದ ವಿಷಯ ಬೇರೆ ಅನ್ನೋದು ನನಗೆ ಗೊತ್ತಿರೋದು ಫ್ಯಾಕ್ಟರಿಯಿಂದಲ್ಲ, ನಿನ್ನ ತಾತನಿಂದ. ಆಚಾರಿ ಕೆಲಸ ಮಾಡ್ತಿದ್ದ ಅವರು ಹಲಗೆ ಕೈಗೆತ್ತಿಕೊಂಡ ತಕ್ಷಣ ಅಳೀತಿರಲಿಲ್ಲ. ಮೊದಲು ತಿರುಗಿಸಿ ತುದಿಯ ಬಳೆಗಳನ್ನು ನೋಡೋರು, ಯಾವ ಕಡೆ ಬಾಗುತ್ತೆ ಅಂತ.

ಈಗ ಕುರ್ಚಿಗೆ ಬರೋಣ. ಕಾಲಿನಲ್ಲಿ ಅಡ್ಡಪಟ್ಟಿ ಕೂರೋದಕ್ಕೆ 10 ಮಿ.ಮೀ. ಅಗಲ, 40 ಮಿ.ಮೀ. ಉದ್ದದ ಮಾರ್ಟಿಸ್ ಗುಳಿ ಬರೆದಿದ್ದೀಯ, ನಾಲ್ಕು ಮೂಲೆಯೂ ಚೌಕ. ಪರದೆ ಮೇಲೆ ಸೊಗಸು. ಆದರೆ ರೂಟರಿನ ಬಿಟ್ಟು ದುಂಡಗಿರುತ್ತೆ ಕಣಮ್ಮ. 8 ಮಿ.ಮೀ. ಬಿಟ್ಟು ಹಾಕಿದರೆ ಪ್ರತಿ ಒಳಮೂಲೆಯಲ್ಲೂ 4 ಮಿ.ಮೀ. ತ್ರಿಜ್ಯದ ಕಮಾನು ಉಳಿಯುತ್ತೆ. ಎಷ್ಟು ಲಕ್ಷದ ಮಷೀನಾದರೂ ಅಷ್ಟೇ. ಉಳಿ ಹಿಡಿದು ಮೂಲೆ ಕೆತ್ತಿಕೊಳ್ತೀನಿ ಅಂತೀಯಾ? ಲೆಕ್ಕ ಹಾಕು: ನಾಲ್ಕು ಕುರ್ಚಿಯ ಒಂದು ಸೆಟ್ಟಿಗೆ ಹದಿನಾರು ಕಾಲು, ಕಾಲಿಗೆ ಎರಡು ಗುಳಿ, ಗುಳಿಗೆ ನಾಲ್ಕು ಮೂಲೆ, ಒಟ್ಟು 128 ಮೂಲೆ. ಅದಕ್ಕೆ ಮಷೀನು ಯಾಕೆ ಬೇಕಿತ್ತು?

ಮೂಲೆಯಾಚೆಗೆ ಬಿಟ್ಟನ್ನು ಸ್ವಲ್ಪ ಓಡಿಸಿ, ನಾಯಿಮೂಳೆಯ ತುದಿಯ ಹಾಗೆ ದುಂಡು ಕಿವಿ ತೆಗೆಯುವ ಉಪಾಯವೊಂದಿದೆ. ಸಾಫ್ಟ್‌ವೇರಿನಲ್ಲಿ ಡಾಗ್‌ಬೋನ್ ಅಂತ ಒತ್ತಿದರೆ ತಾನೇ ಆಗುತ್ತೆ. ಪ್ಲೈವುಡ್ ಕಪಾಟಿನ ಒಳಗೆ, ಯಾರ ಕಣ್ಣಿಗೂ ಬೀಳದ ಕಡೆ, ಅದು ಒಳ್ಳೆಯದೇ. ತೇಗದ ಕುರ್ಚಿಯಲ್ಲಿ ನನಗೆ ಹಿಡಿಸಲ್ಲ. ಆ ಕಿವಿ ಪಟ್ಟಿಯ ಭುಜದಡಿ ಮುಚ್ಚಿಹೋಗದಿದ್ದರೆ ಹಲ್ಲು ಬಿದ್ದ ಬಾಯಿ.

ನನ್ನ ಸಲಹೆ ಇಷ್ಟು. ಗುಳಿಯ ಎರಡು ತುದಿಯನ್ನೂ ಪೂರ್ತಿ ದುಂಡಗೇ ಬಿಡು, 10 ಮಿ.ಮೀ. ಅಗಲಕ್ಕೆ 5 ಮಿ.ಮೀ. ತ್ರಿಜ್ಯ. ಅದೇ ಅಳತೆಯ ಗುಳಿಯನ್ನು ಅಡ್ಡಪಟ್ಟಿಯ ತುದಿಗೂ ಹೊಡಿ. ಗುಳಿಯೊಳಗೆ ಕೂರೋ ನಾಲಿಗೆಯನ್ನು ಬೇರೆ ಮರದಲ್ಲಿ ಉದ್ದ ಪಟ್ಟಿಯಾಗಿ ಕೀಸಿ, ಅಂಚು ದುಂಡು ಮಾಡಿ, ಬೇಕಾದಷ್ಟು ಉದ್ದಕ್ಕೆ ಕತ್ತರಿಸಿಕೋ. ಎರಡೂ ಕಡೆ ಗುಳಿ, ನಡುವೆ ಬಿಡಿ ನಾಲಿಗೆ. ಅಂಟು ಹರಡೋದಕ್ಕೆ ಒಟ್ಟು 0.1ರಿಂದ 0.2 ಮಿ.ಮೀ. ಸಡಿಲ ಇರಲಿ. ಒಣಗಿದ ಮೇಲೆ ಅದರ ಗಟ್ಟಿತನಕ್ಕೆ ಯಾರೂ ಹೆಸರಿಡೋ ಹಾಗಿರಲ್ಲ. ತಾತ ಬಿಡಿ ನಾಲಿಗೆ ನೋಡಿದ್ದರೆ ಮೂಗು ಮುರೀತಿದ್ದರು ಅನ್ನೋದು ನಿಜ. ಆದರೆ ಅವರ ಚೌಕ ಗುಳಿ ಚೌಕ ಉಳಿಯ ಕೂಸು. ನಿನ್ನ ಕೈಯಲ್ಲಿರೋದು ತಿರುಗುವ ಬಿಟ್ಟು, ಅದಕ್ಕೆ ಸಹಜವಾದ ಜೋಡಣೆಯನ್ನೇ ನೀನು ಯೋಚಿಸಬೇಕು.

ಇದರಲ್ಲೇ ಇನ್ನೊಂದು ಸಂಗತಿ ಅಡಗಿದೆ, ಮಷೀನು ಕೊಳ್ಳೋ ಮುಂಚೆ ಗೊತ್ತಿರಬೇಕಾದ್ದು. ಮೂರು ಆಕ್ಸಿಸ್ ರೂಟರಿನ ಬಿಟ್ಟು ಮೇಲಿಂದ ಕೆಳಕ್ಕೆ ಮಾತ್ರ ಇಳಿಯುತ್ತೆ. ಕಾಲನ್ನು ಮಲಗಿಸಿ ಗುಳಿ ಹೊಡೆಯಬಹುದು. ಅಡ್ಡಪಟ್ಟಿಯ ತುದಿಗೆ ಹೊಡೆಯಬೇಕಾದರೆ ಪಟ್ಟಿಯನ್ನು ನೆಟ್ಟಗೆ ನಿಲ್ಲಿಸಬೇಕು. ಒಂದೂವರೆ ಅಡಿ ಪಟ್ಟಿ ನಿಲ್ಲೋಷ್ಟು ಎತ್ತರ ಸ್ಪಿಂಡಲಿನ ಕೆಳಗೆ ಇರಲ್ಲ. ಅದಕ್ಕೆ ಟೇಬಲ್ಲಿನ ಮುಂಭಾಗದಲ್ಲಿ, ಸ್ಪಿಂಡಲ್ ತಲುಪುವ ಕಡೆ, ಪಟ್ಟಿಯನ್ನು ಕೆಳಕ್ಕೆ ಇಳಿಬಿಟ್ಟು ಬಿಗಿಯೋಕೆ ತೆರವು ಬೇಕು. ಮಾರೋರು ನಿನಗೆ ಸ್ಪಿಂಡಲ್ ಎಷ್ಟು ಕಿಲೋವ್ಯಾಟು, ಬೆಡ್ಡು ಎಷ್ಟು ಅಡಿ ಅಂತ ಹೇಳ್ತಾರೆ. ಈ ತೆರವಿನ ಬಗ್ಗೆ ಅವರಾಗಿ ಹೇಳಲ್ಲ, ಕೇಳೋರೂ ಇಲ್ಲ. ಯಾಕಂದರೆ ನಮ್ಮ ಕಡೆ ರೂಟರ್ ಅಂದರೆ ಜಾಲಿ. ದೇವರ ಮನೆ ಬಾಗಿಲಿಗೆ ಎಂಡಿಎಫ್ ಜಾಲಿ, ಓಂ, ಗಣಪತಿ, ಬಳ್ಳಿ. ಫೈಲು ಎಲ್ಲರ ಹತ್ತಿರವೂ ಅದೇ, ಪೆನ್‌ಡ್ರೈವಿನಿಂದ ಪೆನ್‌ಡ್ರೈವಿಗೆ ದಾಟಿದ್ದು. ಹೊಟ್ಟೆಪಾಡಿಗೆ ಬೇಕಾದ ಕೆಲಸ, ಹಳಿಯಲ್ಲ. ಕೂಡಿಸೋ ಕೆಲಸಕ್ಕೆ ಬರಬೇಕಾದ ಯಂತ್ರವನ್ನು ಬರೀ ತೂತು ಕೊರೆಯೋಕೆ ಇಟ್ಟುಕೊಂಡಿದ್ದೀವಲ್ಲ ಅನ್ನೋ ಕೊರಗು ಮಾತ್ರ ನನಗಿದೆ.

ಪ್ಲೈವುಡ್ ಕೆಲಸವೇ ಮೊದಲು ಬರೋದು, ಅಡುಗೆಮನೆ, ವಾರ್ಡ್‌ರೋಬು. ಎಂಟಕ್ಕೆ ನಾಲ್ಕಡಿ ಹಾಳೆ, ಅಂದರೆ 2440ಕ್ಕೆ 1220 ಮಿ.ಮೀ. ಐಎಸ್ 710 ಮುದ್ರೆ ಇದ್ದರೆ ನೀರು ತಡೆಯುತ್ತೆ ಸರಿ, ಆದರೆ 18 ಅಂತ ಬರೆದ ಹಾಳೆ 18 ಇರುತ್ತೆ ಅಂತ ನಂಬಬೇಡ. ಕ್ಯಾಲಿಪರ್ ಹಿಡಿದರೆ ಒಂದು ಕಡೆ 17.4, ಇನ್ನೊಂದು ಕಡೆ 17.8. ಡ್ರಾಯಿಂಗಿನಲ್ಲಿ 18ರ ತೋಡು ತೆಗೆದಿದ್ದರೆ ಪೆಟ್ಟಿಗೆ ಲೊಡಲೊಡ ಅನ್ನುತ್ತೆ. ಪ್ರತಿ ಲೋಡು ಬಂದಾಗಲೂ ನಾಲ್ಕು ಅಂಚು ಅಳೆದು ಆ ಅಂಕಿಯನ್ನೇ ಹಾಕು. ಲ್ಯಾಮಿನೇಟ್ ಅಂಟಿಸಿದ ಹಾಳೆಗೆ ಕಂಪ್ರೆಷನ್ ಬಿಟ್ಟು ತಗೋ, ಅದರ ಕೆಳಗಿನ ಹಲ್ಲು ಮೇಲಕ್ಕೆ, ಮೇಲಿನ ಹಲ್ಲು ಕೆಳಕ್ಕೆ ಎಳೆಯುತ್ತೆ, ಎರಡೂ ಮುಖ ಸಿಬಿರೇಳಲ್ಲ. ಆದರೆ ಮೊದಲ ಪಾಸು ಆ ಕೆಳಗಿನ ಹಲ್ಲಿನ ಭಾಗಕ್ಕಿಂತ ಆಳ ಇಳಿಯಲೇಬೇಕು, ಇಲ್ಲದಿದ್ದರೆ ಮೇಲಿನ ಮುಖ ಹರಿಯುತ್ತೆ.

ವೇಗದ ಮಾತು. ಮರ ಕಪ್ಪಾಗಿ ಸುಟ್ಟ ವಾಸನೆ ಬಂದರೆ ಹೊಸಬರು ಫೀಡ್, ಅಂದರೆ ಬಿಟ್ಟು ಮುಂದೆ ಸಾಗೋ ವೇಗ, ಇಳಿಸ್ತಾರೆ. ಅಲ್ಲಿ ಮಾಡಬೇಕಾದ್ದು ಅದರ ತಿರುಗುಮುರುಗು. ಬಿಟ್ಟು ಕತ್ತರಿಸದೆ ಉಜ್ಜುತ್ತಾ ನಿಂತಿದೆ, ಅದಕ್ಕೇ ಬಿಸಿ. ಲೇತಿನಲ್ಲಿ ಕಲಿತ ಲೆಕ್ಕವೇ ಇಲ್ಲಿಗೂ ಸಾಕು: ನಿಮಿಷಕ್ಕೆ 18,000 ಸುತ್ತು, ಎರಡು ಹಲ್ಲು, ಹಲ್ಲೊಂದು 0.2 ಮಿ.ಮೀ. ಕಚ್ಚಬೇಕು ಅಂದರೆ ಫೀಡ್ ನಿಮಿಷಕ್ಕೆ 7,200 ಮಿ.ಮೀ. ಮಷೀನಿನ ಚೌಕಟ್ಟು ಅಷ್ಟು ತಡೆಯದಿದ್ದರೆ ಸುತ್ತು ಇಳಿಸು. ಬಿದ್ದದ್ದನ್ನು ಕೈಯಲ್ಲಿ ತಗೊಂಡು ನೋಡು, ಗಟ್ಟಿ ಮರದಲ್ಲಿ ಸಣ್ಣ ಚಕ್ಕೆ ಬರಬೇಕು, ಗಂಧದ ಪುಡಿಯಂತೆ ಬಂದರೆ ತಪ್ಪು. ಎಂಡಿಎಫ್ ಯಾವಾಗಲೂ ಪುಡಿಯೇ, ಅದನ್ನು ನೋಡಿ ಹೆದರಬೇಡ. ತೇಗದೊಳಗೆ ಮರಳಿನ ಅಂಶ ಇರುತ್ತೆ, ಬಿಟ್ಟು ಬೇಗ ಮೊಂಡಾಗುತ್ತೆ, ಕಾರ್ಬೈಡೇ ಕೊಳ್ಳು.

ಇಷ್ಟೆಲ್ಲ ಮಾಡಿದರೂ ಮರ ತನ್ನ ದಾರಿ ಬಿಡಲ್ಲ. ಮೈಸೂರು ರಸ್ತೆಯ ಟಿಂಬರ್ ಯಾರ್ಡ್ ಲೇಔಟಿನಿಂದ ತಂದ ಹಲಗೆಯನ್ನು ಅವತ್ತೇ ಬೆಡ್ಡಿಗೆ ಬಿಗಿದು ಕೊರೆದರೆ, ಮೂರು ವಾರಕ್ಕೆ ಜೋಡಣೆಯ ಭುಜ ಬಾಯಿಬಿಡುತ್ತೆ. ತೇವದ ಮೀಟರ್ ಶೇಕಡ 12ಕ್ಕಿಂತ ಕೆಳಗೆ ತೋರಿಸೋವರೆಗೆ ನೆರಳಲ್ಲಿ, ಹಲಗೆಗಳ ನಡುವೆ ಪಟ್ಟಿ ಕೊಟ್ಟು ಜೋಡಿಸಿಡು. ಮೂರಡಿ ಅಗಲದ ಮೇಜಿನ ಹಲಗೆ ಮಳೆಗಾಲಕ್ಕೂ ಬೇಸಿಗೆಗೂ ನಡುವೆ ಮೂರ್ನಾಲ್ಕು ಮಿ.ಮೀ. ಹಿಗ್ಗಿ ಕುಗ್ಗುತ್ತೆ, ಅದೂ ಅಗಲಕ್ಕೆ, ಉದ್ದಕ್ಕಲ್ಲ. ಅದನ್ನು ನಾಲ್ಕು ಕಡೆಯೂ ಅಂಟು ಹಾಕಿ ಬಿಗಿದರೆ ಸೀಳುತ್ತೆ. ಇಲ್ಲಿ ನಿನ್ನ ರೂಟರ್ ತಾತನ ಉಳಿಗಿಂತ ಮೇಲು: ಸ್ಕ್ರೂ ತೂತನ್ನು ಹಲಗೆ ಸರಿಯುವ ದಿಕ್ಕಿಗೆ ಉದ್ದುದ್ದ ತೆಗೆ, ನಡುವಿನದ್ದೊಂದು ಮಾತ್ರ ಬಿಗಿಯಾಗಿರಲಿ. ಕೈಯಲ್ಲಿ ಅರ್ಧ ದಿನದ ಕೆಲಸ, ಮಷೀನಿಗೆ ಎರಡು ನಿಮಿಷ.

ಹಣದ ವಿಚಾರ ನಿನ್ನಪ್ಪ ಮಾತಾಡ್ತಾನೆ, ನಾನು ಒಂದೇ ಹೇಳೋದು. ಸಾಲದ ಕಂತು ಶುರುವಾಗೋ ಮುಂಚೆ ಕಲಿ. ಮಲ್ಲೇಶ್ವರದ 18ನೇ ಕ್ರಾಸಿನಲ್ಲಿ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಇದೆ, ಮೈಸೂರು ಸಂಸ್ಥಾನದ ಕಾಲದಲ್ಲಿ, 1938ರಲ್ಲಿ, ಅರಣ್ಯ ಸಂಶೋಧನಾ ಪ್ರಯೋಗಾಲಯವಾಗಿ ಹುಟ್ಟಿದ್ದು. ಅಲ್ಲಿ ಮರಗೆಲಸದ ಸುಧಾರಿತ ತರಬೇತಿ ಕೇಂದ್ರವನ್ನು ಇಟಲಿಯ ಬಿಯೆಸ್ಸೆ ಕಂಪನಿಯ ಜೊತೆ ಸೇರಿ ಮಾಡಿದ್ದಾರೆ, ಆ ಕಂಪನಿಯ ಕಾರ್ಖಾನೆಯೂ ನಮ್ಮ ನೆಲಮಂಗಲದ ಕಡೆಯೇ ಇದೆ. ಮಾದಾವರದ ಬಿಐಇಸಿ ವಸ್ತುಪ್ರದರ್ಶನ ಕೇಂದ್ರದಲ್ಲಿ ಮರಗೆಲಸದ ಇಂಡಿಯಾವುಡ್ ಮೇಳ ನಡೆದಾಗ ಇಡೀ ದಿನ ಸುತ್ತು, ಮೆಟ್ರೊ ಈಗ ಅಲ್ಲಿವರೆಗೂ ಹೋಗುತ್ತೆ. ಬ್ರೋಷರ್ ಹೊತ್ತು ತರಬೇಡ, ಮನೆಯಲ್ಲಿ ಇಡೋಕೆ ಜಾಗವಿಲ್ಲ.

ಒಂದು ವಿಷಯದಲ್ಲಿ ಮಾತ್ರ ನಾನು ಸಲಹೆ ಕೊಡ್ತಿಲ್ಲ, ಹಟ ಹಿಡೀತಿದ್ದೀನಿ. ಕೂದಲು ಬಿಗಿಯಾಗಿ ಕಟ್ಟು, ದುಪಟ್ಟಾ ಶೆಡ್ಡಿನ ಹೊರಗೆ. ಮರದ ಧೂಳು ಕ್ಯಾನ್ಸರ್‌ಕಾರಕ ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವೇ ಮೊದಲ ದರ್ಜೆಯಲ್ಲಿ ಸೇರಿಸಿದೆ. ಧೂಳು ಎಳೆಯೋ ಯಂತ್ರಕ್ಕೆ ದುಡ್ಡಿಲ್ಲ ಅಂತಾದರೆ ರೂಟರಿಗೂ ದುಡ್ಡಿಲ್ಲ ಅಂತಲೇ ತಿಳ್ಕೋ. ಸ್ಪಿಂಡಲ್ ತಿರುಗ್ತಿರುವಾಗ ಚೂರು ತೆಗೆಯೋಕೆ ಕೈ ಹಾಕೋ ಅಭ್ಯಾಸ ಒಂದು ಸಲವೂ ಬೇಡ.

ಮುಂದಿನ ಭಾನುವಾರ ಬಾ. ಇಡೀ ಕುರ್ಚಿ ಬೇಡ, ಒಂದು ಮೂಲೆ ಸಾಕು: ಒಂದು ಕಾಲು, ಎರಡು ಅಡ್ಡಪಟ್ಟಿ. ಕಾಫಿ ತೋಟದ ಸಿಲ್ವರ್ ಓಕ್ ತುಂಡುಗಳು ನನ್ನ ಹತ್ತಿರ ಒಣಗಿ ಬಿದ್ದಿವೆ, ತೇಗ ಹಾಳು ಮಾಡೋದು ಬೇಡ. ನಮ್ಮ ರಸ್ತೆಯ ಜಾಲಿ ಅಂಗಡಿಯವರು ಸಂಜೆ ಮಷೀನು ಖಾಲಿಯಿದ್ದರೆ ಗಂಟೆ ಲೆಕ್ಕದಲ್ಲಿ ಬಿಟ್ಟುಕೊಡ್ತೀನಿ ಅಂದಿದ್ದಾರೆ. ಪಟ್ಟಿ ನಿಲ್ಲಿಸೋಕೆ ಅವರ ಟೇಬಲ್ಲಿಗೆ ತೆರವಿಲ್ಲ, ಅದಕ್ಕೆ ಏನು ಮಾಡ್ತೀಯ ಅಂತ ನೀನೇ ಯೋಚಿಸಿಕೊಂಡು ಬಾ. ನನ್ನ ಹತ್ತಿರ ಒಂದು ಉಪಾಯ ಇದೆ, ಮೊದಲು ನಿನ್ನದು ಕೇಳ್ತೀನಿ. ಫೈಲಿನಲ್ಲಿ ಗುಳಿಯ ತುದಿ ದುಂಡು ಮಾಡಿರು. ಊಟಕ್ಕೆ ಏನು ಮಾಡಲಿ ಅಂತ ನಿಮ್ಮ ದೊಡ್ಡಮ್ಮ ಕೇಳ್ತಿದ್ದಾಳೆ, ಅವಳಿಗೆ ಶನಿವಾರವೇ ಫೋನ್ ಮಾಡಿ ಹೇಳು.

ಇಂತಿ ನಿನ್ನ
ದೊಡ್ಡಪ್ಪ