ಸಾಲ ವಸೂಲಿ ಮತ್ತು ಕಾಯಿದೆ: ರೈತರು ತಿಳಿದಿರಬೇಕಾದ ಕೆಲವು ತೀರ್ಪುಗಳು



ಮಳೆಗಾಲ ಕಳೆಯುತ್ತಲೇ ಅಡಿಕೆ ತೋಟದಲ್ಲಿ ಕೊಳೆರೋಗಕ್ಕೆ ಹೋದದ್ದೆಷ್ಟು, ಉಳಿದದ್ದೆಷ್ಟು ಎಂಬ ಲೆಕ್ಕ ಸಿಕ್ಕುತ್ತದೆ. ಅದರ ಬೆನ್ನಿಗೇ ಸಾಲದ ಕಂತಿನ ಲೆಕ್ಕವೂ ಬಂದು ನಿಲ್ಲುತ್ತದೆ. ಸೊಸೈಟಿಯ ಬೆಳೆಸಾಲ, ಬ್ಯಾಂಕಿನ ಅಡಮಾನ ಸಾಲ, ಸಂಘದ ವಾರದ ಕಂತು, ಪರಿಚಯದವರ ಕೈಗಡ, ಇವೆಲ್ಲವೂ ಒಂದೇ ಮನೆಯಲ್ಲಿರುವುದುಂಟು. ಆದರೆ ಒಂದೊಂದಕ್ಕೆ ಅನ್ವಯಿಸುವ ಕಾಯಿದೆ ಒಂದೊಂದು. ಇದನ್ನರಿಯದೆ ಕೆಲವರು ಇಲ್ಲದ ಭಯಕ್ಕೆ ಊರು ಬಿಡುತ್ತಾರೆ. ಮತ್ತೆ ಕೆಲವರು ಇಲ್ಲದ ಧೈರ್ಯದಿಂದ ಕೋರ್ಟಿನ ನೋಟೀಸನ್ನು ಮಾಡಿನ ಸಂದಿಗೆ ಸಿಕ್ಕಿಸಿಡುತ್ತಾರೆ. ಎರಡೂ ತಪ್ಪೇ.

ಮೊದಲು ಜೈಲಿನ ಮಾತು. "ಹಣ ಕೊಡದಿದ್ದರೆ ಒಳಗೆ ಹಾಕಿಸುತ್ತೇನೆ" ಎಂಬ ಬೆದರಿಕೆ ಹಳೆಯದು. ಕೊಚ್ಚಿನ್ ಬ್ಯಾಂಕಿನ ಒಂದು ಪ್ರಕರಣದಲ್ಲಿ 1980ರಲ್ಲಿಯೇ ಸುಪ್ರೀಂ ಕೋರ್ಟು ಇದಕ್ಕೆ ಉತ್ತರ ಹೇಳಿದೆ. ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಬರೆದ ಆ ತೀರ್ಪಿನ ಪ್ರಕಾರ, ಡಿಕ್ರಿ ಆಗಿದೆ, ಹಣ ಬಂದಿಲ್ಲ ಎಂಬಷ್ಟರಿಂದಲೇ ಸಾಲಗಾರನನ್ನು ಸಿವಿಲ್ ಜೈಲಿಗೆ ಕಳಿಸುವಂತಿಲ್ಲ. ಕೊಡುವ ಶಕ್ತಿಯಿದ್ದೂ ಕೆಟ್ಟ ಬುದ್ಧಿಯಿಂದ ಕೊಡದೆ ಇದ್ದಾನೆಂಬುದು ಸಿದ್ಧವಾಗಬೇಕು. ಬಡತನ ಅಪರಾಧವಲ್ಲ.

ಸಿವಿಲ್ ಪ್ರಕ್ರಿಯಾ ಸಂಹಿತೆಯ 60ನೆಯ ಕಲಮಿನಂತೆ ರೈತನ ಉಳುಮೆಯ ಸಾಮಾನು, ಜೀವನಕ್ಕೆ ಬೇಕಾದ ದನಕರು, ಬಿತ್ತನೆ ಬೀಜ, ಅಡಿಗೆಯ ಪಾತ್ರೆ, ಹಾಸಿಗೆ, ರೈತನು ತಾನೇ ವಾಸವಿರುವ ಮನೆ, ಇವುಗಳನ್ನು ಸಾಮಾನ್ಯ ಹಣದ ಡಿಕ್ರಿಯಲ್ಲಿ ಜಪ್ತಿ ಮಾಡಲಾಗದು. ಆದರೆ ಮನೆಯನ್ನೇ ಅಡಮಾನ ಬರೆದುಕೊಟ್ಟಿದ್ದರೆ ಈ ರಕ್ಷಣೆ ಅಡಮಾನದ ಡಿಕ್ರಿಗೆ ಅಡ್ಡ ಬರುವುದಿಲ್ಲ.

ಚೆಕ್ಕಿನ ವಿಷಯ ಮಾತ್ರ ಬೇರೆ. ಇಲ್ಲಿಯೇ ನಮ್ಮವರು ಹೆಚ್ಚು ಸಿಕ್ಕಿಬೀಳುವುದು. ಒಬ್ಬ ರೈತನನ್ನು ಭಾವಿಸಿಕೊಳ್ಳಿ. ಪಂಪ್‌ಸೆಟ್ಟಿಗೆಂದು 40,000 ರೂಪಾಯಿ ಕೈಗಡ ತಂದನು. ಭದ್ರತೆಗೆಂದು ಸಹಿ ಮಾಡಿದ ಖಾಲಿ ಚೆಕ್ಕು ಕೊಟ್ಟನು. ಎರಡು ವರ್ಷದ ಮೇಲೆ ಅದರಲ್ಲಿ 4 ಲಕ್ಷ ಬರೆದು ಬ್ಯಾಂಕಿಗೆ ಹಾಕಿದರು. "ಅಂಕಿ ನಾನು ಬರೆದದ್ದಲ್ಲ" ಎಂದರೆ ಸಾಕೇ? ಸಾಲದು. ಸ್ವಇಚ್ಛೆಯಿಂದ ಸಹಿ ಮಾಡಿ ಕೊಟ್ಟ ಚೆಕ್ಕನ್ನು ಬೇರೆಯವರು ತುಂಬಿದ್ದರೂ ಅದು ಬಾಕಿಯ ತೀರುವಳಿಗಾಗಿ ಕೊಟ್ಟದ್ದೆಂದೇ ಕಾಯಿದೆ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಸಹಿ ಮಾಡಿದವನದು ಎಂದು ಸುಪ್ರೀಂ ಕೋರ್ಟು 2019ರ ಫೆಬ್ರವರಿಯಲ್ಲಿ ತೀರ್ಪಿತ್ತಿತು.

ಅದೇ ವರ್ಷದ ಏಪ್ರಿಲಿನಲ್ಲಿ ನಮ್ಮ ರಾಜ್ಯದಿಂದಲೇ ಹೋದ ಒಂದು ವ್ಯಾಜ್ಯದಲ್ಲಿ ಇನ್ನೊಂದು ಮಗ್ಗುಲನ್ನೂ ಹೇಳಿತು. 6 ಲಕ್ಷ ಕೊಟ್ಟೆನೆಂದು ಹೇಳಿದವನಿಗೆ ಅಷ್ಟು ಹಣ ಕೊಡುವ ಶಕ್ತಿ ಇತ್ತೇ ಎಂದು ಸಾಲಗಾರನು ಪ್ರಶ್ನಿಸಿದನು, ಅದನ್ನು ತೋರಿಸಲು ಫಿರ್ಯಾದಿಯಿಂದ ಆಗಲಿಲ್ಲ, ಸಾಲಗಾರನ ಬಿಡುಗಡೆಯಾಯಿತು. ಆದುದರಿಂದ ದಾರಿ ಮುಚ್ಚಿಲ್ಲ, ಆದರೆ ದುರ್ಗಮ. ಚೆಕ್ಕು ವಾಪಸಾದ ಮೇಲೆ ನೋಟೀಸು ಬಂದರೆ, ಕೈಸೇರಿದ ದಿನದಿಂದ 15 ದಿನ ಮಾತ್ರ ಅವಕಾಶ. ಅಷ್ಟರೊಳಗೆ ಹಣ ಕಟ್ಟಬೇಕು, ಇಲ್ಲವೇ ನಿಜ ಸಂಗತಿಯನ್ನು ವಕೀಲರ ಮೂಲಕ ಬರೆದು ಕಳಿಸಬೇಕು. ತಪ್ಪು ಸಿದ್ಧವಾದರೆ 2 ವರ್ಷದವರೆಗೆ ಸೆರೆ, ಚೆಕ್ಕಿನ ಮೊತ್ತದ ಎರಡರಷ್ಟರವರೆಗೆ ದಂಡ, ಅಥವಾ ಎರಡೂ ಇವೆ.

ಇನ್ನು ಭೂಮಿ. 2002ರ ಸರ್ಫೇಸಿ ಕಾಯಿದೆಯಂತೆ ಬ್ಯಾಂಕು ಕೋರ್ಟಿಗೆ ದಾವೆ ಹೂಡದೆಯೇ ಅಡಮಾನದ ಆಸ್ತಿಯನ್ನು ವಶಪಡಿಸಿಕೊಂಡು ಹರಾಜು ಹಾಕಬಹುದು. ಸಹಕಾರಿ ಬ್ಯಾಂಕುಗಳಿಗೂ ಈ ಅಧಿಕಾರವುಂಟೆಂದು 2020ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹೇಳಿತು. ಆದರೆ ಕೃಷಿ ಭೂಮಿಗೆ ಈ ಕಾಯಿದೆ ತಾಗುವುದಿಲ್ಲ. ಹಾಗಾದರೆ ಕೃಷಿ ಭೂಮಿ ಎಂದರೆ ಯಾವುದು? ಪಕ್ಕದ ಗೋವೆಯ ಒಂದು ದೊಡ್ಡ ಹೋಟೇಲಿನವರು ತಮ್ಮ ಜಾಗದ ಒಂದು ಭಾಗ ಕೃಷಿಯದೆಂದು ವಾದಿಸಿದರು; 2018ರಲ್ಲಿ ಕೋರ್ಟು ಒಪ್ಪಲಿಲ್ಲ. 2023ರ ಜನವರಿಯ ತೀರ್ಪು ಇನ್ನೂ ಸ್ಪಷ್ಟ: ದಾಖಲೆಯಲ್ಲಿ ಕೃಷಿ ಎಂದಿದ್ದರೆ ಸಾಲದು, ನಿಜವಾಗಿ ಕೃಷಿ ನಡೆಯುತ್ತಿರಬೇಕು, ಅದನ್ನು ಸಾಬೀತು ಮಾಡುವ ಹೊಣೆ ಸಾಲಗಾರನದು.

ಈ ಮಾತು ನಮ್ಮ ಕರಾವಳಿಗೆ ಬಹಳ ಹತ್ತಿರದ್ದು. ಅಘನಾಶಿನಿಯ ಗಜನಿಯಲ್ಲಿ ಕಗ್ಗ ಭತ್ತ ಬಿಟ್ಟು ಸಿಗಡಿ ಹೊಂಡ ಮಾಡಿದವರಿದ್ದಾರೆ. ಹೆದ್ದಾರಿಯ ಬದಿಯ ಗದ್ದೆಯನ್ನು ಹಡಿಲು ಬಿಟ್ಟವರೂ ಇದ್ದಾರೆ. ಪಹಣಿಯೊಂದನ್ನೇ ನಂಬಿ ಕುಳಿತುಕೊಳ್ಳಬೇಡಿ. ಬೆಳೆಯ ನಮೂದು ಪ್ರತಿವರ್ಷ ಸರಿಯಾಗಿದೆಯೇ ನೋಡಿ. ಬೀಜ ಗೊಬ್ಬರದ ರಸೀದಿ, ಅಡಿಕೆ ಮಾರಿದ ಪಟ್ಟಿ ಕಾದಿಡಿ. ಕೃಷಿ ಭೂಮಿಯೆಂದು ಸಿದ್ಧವಾದ ಮೇಲೂ ಸಾಲ ಅಳಿಯುವುದಿಲ್ಲ. ಬ್ಯಾಂಕು ಸಿವಿಲ್ ಕೋರ್ಟಿನಲ್ಲಿ ಅಡಮಾನದ ದಾವೆ ಹೂಡಬಹುದು. ಆದರೆ ಅಲ್ಲಿ ನಿಮ್ಮ ಮಾತು ಹೇಳಲು ಸಮಯ ಸಿಕ್ಕುತ್ತದೆ.

ವಸೂಲಿಗೆ ಗೂಂಡಾಗಳನ್ನು ಕಳಿಸುವುದನ್ನು ಸುಪ್ರೀಂ ಕೋರ್ಟು 2007ರಲ್ಲಿ ಕಟುವಾಗಿ ಖಂಡಿಸಿತು. ಬೆಳಿಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಬಾಕಿಗಾಗಿ ಕರೆ ಮಾಡಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲಿ ಆಜ್ಞೆ ಮಾಡಿತು. ರಿಸರ್ವ್ ಬ್ಯಾಂಕಿನಲ್ಲಿ ನೋಂದಾಯಿಸಿದ ಹಣಕಾಸು ಕಂಪನಿಗಳಿಗೆ ರಾಜ್ಯಗಳ ಲೇವಾದೇವಿ ಕಾಯಿದೆ ಅನ್ವಯಿಸದೆಂದು ಅದೇ ವರ್ಷ ಸುಪ್ರೀಂ ಕೋರ್ಟು ಹೇಳಿದ್ದರಿಂದ, ಅವರ ಮೇಲಿನ ದೂರನ್ನು ಮೊದಲು ಆ ಕಂಪನಿಗೇ ಬರೆದುಕೊಡಿ. 30 ದಿನದಲ್ಲಿ ಪರಿಹಾರವಾಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ನರಿಗೆ ಕಳಿಸಿ. ಅಲ್ಲಿ ಶುಲ್ಕವಿಲ್ಲ. ನೋಂದಣಿ ಇಲ್ಲದೆ ಸಾಲ ಕೊಟ್ಟು ಪೀಡಿಸುವವರಿಗಾಗಿ ಕರ್ನಾಟಕ ಸರಕಾರ 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆ ಹೊರಡಿಸಿತು. ಅದೇ ವರ್ಷ ಅದು ಶಾಸನವಾಯಿತು. ಬಲಾತ್ಕಾರದ ವಸೂಲಿಗೆ 10 ವರ್ಷದವರೆಗೆ ಸೆರೆ, 5 ಲಕ್ಷದವರೆಗೆ ದಂಡವನ್ನು ಅದು ವಿಧಿಸಿದೆ.

ದಿವಾಳಿ ಕಾಯಿದೆಯ ಸುದ್ದಿ ಪತ್ರಿಕೆಗಳಲ್ಲಿ ಬಹಳ ಬರುತ್ತದೆ. 2023ರ ನವೆಂಬರಿನ ತೀರ್ಪು ಕಂಪನಿಗಳ ಸಾಲಕ್ಕೆ ಜಾಮೀನು ನಿಂತವರ ಕುರಿತಾದದ್ದು. ಸಾಧಾರಣ ರೈತರಿಗೆ 2016ರ ಸಂಹಿತೆಯ ಆ ಭಾಗ ಜಾರಿಗೆ ಬಂದಿಲ್ಲ. 1920ರ ಹಳೆಯ ಕಾಯಿದೆಯೇ ಇದೆ.

ಸಮನ್ಸು ಬಂದ ದಿನ ತಪ್ಪದೆ ಹಾಜರಾಗಿರಿ. ಹೋಗದಿದ್ದರೆ ಏಕಪಕ್ಷೀಯ ಡಿಕ್ರಿ ಆಗುತ್ತದೆ. ವಕೀಲರ ಖರ್ಚಿಗೆ ಗತಿಯಿಲ್ಲದವರು ಕೋರ್ಟಿನಲ್ಲಿಯೇ ಇರುವ ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಅರ್ಜಿ ಕೊಡಬಹುದು. ಹೆಂಗಸರಿಗೆ ಮತ್ತು ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯದ ಮಿತಿಯಿಲ್ಲದೆ ಈ ನೆರವು ದೊರೆಯುತ್ತದೆ. ದೂರವಾಣಿ 15100. ಹೋಗುವಾಗ ನೋಟೀಸು, ಪಾಸ್ ಪುಸ್ತಕ, ಕಂತು ಕಟ್ಟಿದ ರಸೀದಿಗಳನ್ನು ಜೊತೆಗೆ ಒಯ್ಯಿರಿ.