ಕಂದಕದ ಕವಿ

1914ರಲ್ಲಿ ಮೊದಲನೆಯ ಮಹಾಯುದ್ಧವು ಆರಂಭವಾದಾಗ ಇಂಗ್ಲೆಂಡಿನ ಪತ್ರಿಕೆಗಳಲ್ಲಿ ವೀರಾವೇಶದ ಪದ್ಯಗಳು ತುಂಬಿದ್ದವು. ತರುಣರನ್ನು ಸೈನ್ಯಕ್ಕೆ ಹುರಿದುಂಬಿಸಿದ ಆ ಕವಿಗಳಲ್ಲಿ ಹಲವರು ರಣರಂಗವನ್ನು ಕಣ್ಣಾರೆ ಕಂಡವರಲ್ಲ. ಕಂಡು ಬರೆದವರಲ್ಲಿ ವಿಲ್‌ಫ್ರೆಡ್ ಓವೆನ್ ಪ್ರಮುಖನು.

ಓವೆನನು 1915ರಲ್ಲಿ ಸೈನ್ಯವನ್ನು ಸೇರಿದನು. ಅಲ್ಲಿಯವರೆಗೆ ಅವನು ಕೀಟ್ಸ್ ಕವಿಯ ಆರಾಧಕ. ಇಂಪಾದ ಪದ್ಯಗಳನ್ನು ಬರೆಯುತ್ತಿದ್ದವನು. 1917ರಲ್ಲಿ ಫ್ರಾನ್ಸಿನ ಕಂದಕಗಳ ಕೆಸರು, ಹಿಮ, ಗುಂಡಿನ ಮಳೆ ಅವನ ಮನಸ್ಸನ್ನು ಜರ್ಜರಗೊಳಿಸಿದವು. ಚಿಕಿತ್ಸೆಗಾಗಿ ಎಡಿನ್‌ಬರೋ ಸಮೀಪದ ಸೈನಿಕ ಆಸ್ಪತ್ರೆಗೆ ಬಂದಾಗ, ಅಲ್ಲಿಯೇ ಇದ್ದ ಸೀಗ್‌ಫ್ರೀಡ್ ಸಸೂನ್ ಎಂಬ ಯೋಧಕವಿಯ ಸ್ನೇಹವು ದೊರೆಯಿತು. ಕಂಡದ್ದನ್ನು ಕಂಡಂತೆ ಬರೆಯುವ ಧೈರ್ಯವು ಅವನಿಗೆ ಬಂದುದು ಇಲ್ಲಿಯೇ ಎನ್ನಬೇಕು.

ತಾಯ್ನಾಡಿಗಾಗಿ ಸಾಯುವುದು ಸವಿ ಎಂಬರ್ಥದ, ರೋಮನ್ ಕವಿ ಹೊರೇಸನ ಮಾತನ್ನು ಅವನು ಒಂದು ಕವಿತೆಗೆ ಶೀರ್ಷಿಕೆಯಾಗಿ ಇಟ್ಟನು. ಒಳಗಿರುವುದಾದರೋ ಮುಖವಾಡವನ್ನು ಸಕಾಲದಲ್ಲಿ ತೊಡಲಾರದೆ ವಿಷಾನಿಲಕ್ಕೆ ಸಿಕ್ಕಿದ ಸೈನಿಕನ ನರಳಾಟ; ಅವನನ್ನು ಬಂಡಿಗೆ ಎಸೆದ ಬಗೆ. ಶತ್ರುದ್ವೇಷದ ಒಂದು ನುಡಿಯೂ ಅದರಲ್ಲಿಲ್ಲ ಎಂಬುದನ್ನು ಗಮನಿಸಬೇಕು. ಕವಿಯ ಕೋಪವೆಲ್ಲ ಹೊರೇಸನ ಮಾತನ್ನು ಎಳೆಯರಿಗೆ ಸತ್ಯವೆಂದು ಕಲಿಸುವವರ ಮೇಲೆ.

ಆದರೆ ಓವೆನನು ಯುದ್ಧಕ್ಕೆ ಬೆನ್ನು ತೋರಿದವನಲ್ಲ. ತನ್ನ ಸೈನಿಕರ ಪರವಾಗಿ ನುಡಿಯಬೇಕಾದರೆ ಅವರ ನಡುವೆಯೇ ಇರಬೇಕೆಂದು ಬಗೆದು 1918ರಲ್ಲಿ ಮತ್ತೆ ಫ್ರಾನ್ಸಿಗೆ ಹೋದನು. ನವೆಂಬರ್ 4ರಂದು, ಯುದ್ಧವು ನಿಲ್ಲಲು ಒಂದೇ ವಾರವಿದ್ದಾಗ, ಗುಂಡಿಗೆ ಬಲಿಯಾದನು. ಆಗ ಅವನಿಗೆ 25 ವರ್ಷ. ಸಾವಿನ ತಂತಿಯು ತಾಯಿಯ ಕೈಸೇರಿದುದು ನವೆಂಬರ್ 11ರಂದು, ಯುದ್ಧವು ಮುಗಿದ ದಿನವೇ.

1920ರಲ್ಲಿ ಆ ತಾಯಿಯು ನಮ್ಮ ರವೀಂದ್ರನಾಥ ಠಾಕೂರರಿಗೆ ಪತ್ರ ಬರೆದಳು. ಕೊನೆಯ ಸಲ ಮನೆಯಿಂದ ಹೊರಟಾಗ ಮಗನು ಆಡಿದುದು ಅವರ ನುಡಿಗಳನ್ನೇ. ಅವನ ಕಿಸೆಪುಸ್ತಕದಲ್ಲಿಯೂ ಅವೇ ನುಡಿಗಳಿದ್ದವು, ಕೆಳಗೆ ಅವರ ಹೆಸರಿತ್ತು.